ಮಡಿಲು ಕಾಣದ ಯಂತ್ರ

ಮಾರ್ಚ್ 3

ತಂಗೀ,

ನೀನು ಅಜ್ಜಿಯಾಗಿದ್ದೀಯ. ಸಂತೋಷಪಡುವ ಮೊದಲು ಮುಂದಿನ ಸಾಲು ಓದು. ನನ್ನ ಮಗಳಿಗೆ ಏಳು ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿದೆ. ಹೆಣ್ಣು. ನನ್ನ ಅಂಗೈ ಮೇಲೆ ಮಲಗಿಸಿದರೆ ಕಾಲು ಮಣಿಕಟ್ಟು ದಾಟಿ ಸ್ವಲ್ಪ ಆಚೆ ಹೋದೀತು, ಅಷ್ಟೆ. ಉಸಿರಿಗೊಂದು ನಳಿಗೆ, ಹೊಟ್ಟೆಗೊಂದು ನಳಿಗೆ. ಕೈಯ ಮುಷ್ಟಿ ಮಾತ್ರ ಬಿಚ್ಚುವುದಿಲ್ಲ. "ಏನಮ್ಮಾ, ಬಂದ ತಕ್ಷಣ ಯಾರಿಗೆ ಗುದ್ದೋಕೆ ಹೊರಟಿದೀಯ?" ಎಂದು ಹಿರಿಯ ನರ್ಸ್ ಕೇಳಿದಳಂತೆ. ಅಂದಿನಿಂದ ವಾರ್ಡಿನಲ್ಲೆಲ್ಲ ಅದರ ಹೆಸರು ಮುಷ್ಟಿ. ಬೇರೆ ಹೆಸರಿಡುವ ಧೈರ್ಯ ನಮಗಿನ್ನೂ ಬಂದಿಲ್ಲ.

ಫೋನ್ ಮಾಡಬಹುದಿತ್ತು. ಅಮ್ಮ ತೀರಿಕೊಂಡ ಮೇಲೆ ನಾವಿಬ್ಬರೂ ಫೋನಿನಲ್ಲಿ ಜಗಳವಿಲ್ಲದೆ ನಾಲ್ಕು ಮಾತಾಡಿದ್ದು ನನಗೆ ನೆನಪಿಲ್ಲ, ನನ್ನ ನೆನಪಿನ ಬಗ್ಗೆ ನಿನಗೆ ಗೊತ್ತೇ ಇದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ನಾನು ಬರೆದದ್ದನ್ನು ಅಳಿಯ ಫೋಟೊ ತೆಗೆದು ನಿನಗೆ ಕಳಿಸುತ್ತಾನೆ, ನಿನ್ನ ಉತ್ತರವೂ ಅವನ ಫೋನಿಗೇ ಬರಲಿ. ಪಾಪ, ಅವನಿಗೆ ಏನಾದರೂ ಕೆಲಸ ಬೇಕು. ಕಾರಿಡಾರಿನಲ್ಲಿ ಸುಮ್ಮನೆ ಕೂತರೆ ಗೋಡೆಯ ಬಣ್ಣ ಉಗುರಿನಿಂದ ಕೆರೆಯುತ್ತಾನೆ.

ವಾರ್ಡಿನೊಳಗೆ ತಾಯಿಗೆ ಮಾತ್ರ ಪ್ರವೇಶ. ಬಾಗಿಲಲ್ಲಿ ಗಾಜಿನ ಒಂದು ಚೌಕವಿದೆ. ನನ್ನಂಥವರಿಗೆ ಅಲ್ಲಿಂದಲೇ ದರ್ಶನ. ಮೊದಲ ದಿನ ಅಲ್ಲಿಂದ ಇಣುಕಿದಾಗ ಮಗುವಿನ ತಲೆಯ ಮೇಲೆ ಒಂದು ಮೆತ್ತನೆಯ ಟೋಪಿ, ನೆತ್ತಿಯ ಮೇಲೆ ಗುಂಡಿಯಂಥದ್ದೊಂದು, ಅದರಿಂದ ಹೊರಟ ವೈರು, ಪಕ್ಕದಲ್ಲಿ ಅಲೆ ಎಳೆಯುವ ಪರದೆ ಕಂಡವು. ಪರದೆಯ ಮೂಲೆಯಲ್ಲಿ ನಿಮ್ಮ ಸಂಸ್ಥೆಯ ಗುರುತು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಹೊರಬಂದ ಅದೇ ಹಿರಿಯ ನರ್ಸನ್ನು ತಡೆದು, "ಆ ಯಂತ್ರ ಮಾಡಿದವಳು ನನ್ನ ತಂಗಿ" ಎಂದೆ. "ಹಂಗಾದ್ರೆ ಅವ್ರಿಗೆ ಹೇಳಿ ಸಾರ್, ಟೋಪಿ ತೊಳೆಯೋಕೆ ಬರೋ ಹಂಗೆ ಮಾಡಿ ಅಂತ" ಎಂದು ಹೋದಳು.

ಹೆಮ್ಮೆ ಒಂದು ದಿನ ಬಾಳಿತು. ನಿನ್ನೆ ಮಗಳಿಗೆ ಮಗುವನ್ನು ಕೊಟ್ಟರು. ಬರಿಯ ಎದೆಯ ಮೇಲೆ ಬರಿಮೈ ಮಗು, ಮೇಲೊಂದು ಬಟ್ಟೆ. ಈಗ ಎಲ್ಲ ಕಡೆ ಹಾಗೆ ಮಾಡುತ್ತಾರಂತೆ, ಒಳ್ಳೆಯದಂತೆ. ಮಗು ಕಣ್ಣು ಮುಚ್ಚಿತು. ಮಗಳೂ ಕಣ್ಣು ಮುಚ್ಚಿದಳು. ಆಗ ನಿನ್ನ ಯಂತ್ರ ಕೂಗಿತು. ಹಸಿರು ದೀಪ ಕೆಂಪಾಯಿತು. ಎಲ್ಲರೂ ಓಡಿಬಂದು ಮಗುವನ್ನು ಎತ್ತಿ, ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ದೀಪ ಮತ್ತೆ ಹಸಿರು. ಇಂದು ಮತ್ತೆ ಕೊಟ್ಟರು, ಮತ್ತೆ ಕೆಂಪು. "ಮಿದುಳಿಗೆ ರಕ್ತ ಸರಿಯಾಗಿ ಹೋಗ್ತಿಲ್ಲ ಅಂತ ಅರ್ಥ. ಸದ್ಯಕ್ಕೆ ಎತ್ತಿಕೊಳ್ಳೋದು ಬೇಡ" ಎಂದರು ದೊಡ್ಡ ಡಾಕ್ಟರು.

ಮಗಳು ಈಗ ಪೆಟ್ಟಿಗೆಯ ಪಕ್ಕದಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: "ಅಪ್ಪಾ, ನಾನು ಮುಟ್ಟಿದ್ರೆ ಯಾಕೆ ಹಂಗಾಗತ್ತೆ? ಅತ್ತೇನ ಕೇಳು."

ಕೇಳುತ್ತಿದ್ದೇನೆ.

ನಿನ್ನ ಅಣ್ಣ


ಮಾರ್ಚ್ 6

ಅಣ್ಣ,

ಸುದ್ದಿ ಓದಿದೆ. ಹುಡುಗಿ ಹೇಗಿದ್ದಾಳೆ? ಊಟ ಮಾಡುತ್ತಿದ್ದಾಳೆಯೇ? ನಿನ್ನ ಪತ್ರದಲ್ಲಿ ಯಂತ್ರದ ಬಗ್ಗೆ ಒಂದು ಪುಟವಿದೆ, ಅವಳ ಬಗ್ಗೆ ನಾಲ್ಕು ಸಾಲು.

ನೀನು ಮೊದಲಿನಿಂದಲೂ ಹೀಗೆಯೇ. ಬ್ಯಾಂಕಿನಲ್ಲಿ ಟೋಕನ್ ಯಂತ್ರ ಬಂದಾಗ ಪತ್ರಿಕೆಗೆ ಪತ್ರ, ಗ್ರಂಥಾಲಯದವರು ಕಾರ್ಡಿನ ಡಬ್ಬಿ ತೆಗೆದಾಗ ಪತ್ರ, ನಿನ್ನ ಶಾಲೆಯ ಗಂಟೆಗೆ ವಿದ್ಯುತ್ ಹಾಕಿಸಿದಾಗ ಎರಡು ಪತ್ರ. ಇತಿಹಾಸದ ಮೇಷ್ಟ್ರಿಗೆ ಹೊಸದೆಲ್ಲ ದಂಡಯಾತ್ರೆಯಂತೆ ಕಾಣುತ್ತದೆ. ಇದು ಟೋಕನ್ ಯಂತ್ರವಲ್ಲ ಅಣ್ಣ.

ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಮಿದುಳಿನ ರಕ್ತನಾಳ ಒದ್ದೆ ಕಾಗದದ ಹಾಗೆ. ರಕ್ತ ನುಗ್ಗಿದರೆ ಒಡೆಯುತ್ತದೆ, ಕಡಿಮೆಯಾದರೆ ಮಿದುಳಿನ ಒಂದು ಮೂಲೆ ಸಾಯುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸ್ಕ್ಯಾನ್ ಮಾಡುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತಿತ್ತು. ತಾಯಂದಿರಿಗೆ ಹೇಳುವ ಕೆಲಸ ನನ್ನದು. ಎಷ್ಟು ಮುಖಗಳನ್ನು ನೋಡಿದ್ದೇನೆ ಎಂದು ನಿನಗೆ ಗೊತ್ತಿಲ್ಲ. ನೆತ್ತಿಯಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲವಲ್ಲ, ಆ ಜಾಗದಿಂದ ಶಬ್ದದ ಅಲೆ ಕಳಿಸಿ, ಒಳಗಿನ ರಕ್ತದ ಓಟವನ್ನು ಕ್ಷಣಕ್ಷಣವೂ ನೋಡುತ್ತೇವೆ. ಅದನ್ನು ಓದುವುದು ಕಂಪ್ಯೂಟರ್. ಅದಕ್ಕೆ ನಾವು ನಿಯಮ ಹೇಳಿಕೊಡಲಿಲ್ಲ. ನೂರಾರು ಮಕ್ಕಳ ಅಲೆ ತೋರಿಸಿ, ಈ ಮಗು ಚೆನ್ನಾಗಿತ್ತು, ಈ ಮಗುವಿಗೆ ರಕ್ತಸ್ರಾವವಾಯಿತು ಎಂದಷ್ಟೇ ಹೇಳಿದೆವು. ಮಿಕ್ಕದ್ದನ್ನು ಅದೇ ಕಲಿಯಿತು. ನನ್ನ ಕಣ್ಣಿಗೆ ಕಾಣದ್ದು ಅದಕ್ಕೆ ಕಾಣುತ್ತದೆ.

ಬೇರೆಯವರೂ ಇಂಥದ್ದು ಮಾಡಿದ್ದಾರೆ, ಆದರೆ ಅವರ ಅಲೆಗಳಲ್ಲಿ ಕಸವೇ ಜಾಸ್ತಿ. ಅಲೆಗಳನ್ನು ಸಂಗ್ರಹಿಸುವಾಗ ನಾನು ಮೊದಲ ದಿನದಿಂದಲೇ ಕಟ್ಟುನಿಟ್ಟು ಮಾಡಿದ್ದೆ: ಬಟ್ಟೆ ಬದಲಿಸುವಾಗ, ತೂಕ ಹಾಕುವಾಗ, ತಾಯಿ ಎತ್ತಿಕೊಳ್ಳುವಾಗ ಟೋಪಿ ತೆಗೆಯಿರಿ, ವೈರು ಎಳೆದು ಅಲೆ ಕೆಡುತ್ತದೆ. ನರ್ಸುಗಳು ಬೈದುಕೊಂಡೇ ಮಾಡಿದರು. ನಮ್ಮಷ್ಟು ಸ್ವಚ್ಛವಾದ ಸಂಗ್ರಹ ನಾನು ಬೇರೆಲ್ಲೂ ಕಂಡಿಲ್ಲ.

ಹಾಗಾಗಿ ಕೆಂಪು ಬಂದರೆ ನಂಬು. ಮಡಿಲಿನ ಬಗ್ಗೆ ಎಲ್ಲರಿಗೂ ಭಕ್ತಿ. ನಮ್ಮ ತಮ್ಮ ಎಳೆಗೂಸಾಗಿದ್ದಾಗಲೇ ಅಮ್ಮನ ಮಡಿಲಿನಲ್ಲಿ ಪ್ರಾಣ ಬಿಟ್ಟನಲ್ಲ, ಮಡಿಲು ಅವನನ್ನು ಉಳಿಸಿತೇ? ಅಮ್ಮ ಆ ಕಥೆ ಹೇಳಿದಾಗಲೆಲ್ಲ ನನಗೆ ಅನಿಸುತ್ತಿದ್ದದ್ದು ಒಂದೇ, ಅಪ್ಪಿಕೊಳ್ಳುವ ಬದಲು ಯಾರಾದರೂ ಅಳೆದು ನೋಡಬೇಕಿತ್ತು.

ಹುಡುಗಿಗೆ ಹೇಳು, ಅವಳ ತಪ್ಪೇನೂ ಇಲ್ಲ.

ನಿನ್ನ ತಂಗಿ


ಮಾರ್ಚ್ 8

ತಂಗೀ,

ನಿನ್ನ ಪತ್ರವನ್ನು ಮಗಳಿಗೆ ಓದಿ ಹೇಳಿದೆ. ಓದುತ್ತ ಓದುತ್ತ ನನ್ನ ಬಾಯಿ ಒಂದು ಕಡೆ ನಿಂತುಹೋಯಿತು. ನನಗೆ ನೆಗಡಿ ಎಂದು ಅವಳಿಗೆ ಸುಳ್ಳು ಹೇಳಿ ಹೊರಗೆ ಬಂದೆ. ಈಗ ನಿನ್ನನ್ನು ಕೇಳುತ್ತೇನೆ, ಮೇಷ್ಟ್ರು ಕೇಳಿದ ಹಾಗೆಂದೇ ತಿಳಿದುಕೋ.

ತಾಯಿ ಎತ್ತಿಕೊಂಡಾಗಲೆಲ್ಲ ಟೋಪಿ ತೆಗೆಸಿದ್ದೀಯ. ಹಾಗಾದರೆ ನಿನ್ನ ಯಂತ್ರ ತಾಯಿಯ ಎದೆಯ ಮೇಲಿರುವ ಮಗುವನ್ನು ಒಂದು ಸಲವಾದರೂ ನೋಡಿದೆಯೇ?

ನೋಡಿಲ್ಲ. ಪೆಟ್ಟಿಗೆಯಲ್ಲಿ ಒಂಟಿಯಾಗಿ ಅಂಗಾತ ಮಲಗಿದ ಮಗುವೇ ಮಗು ಎಂದು ಕಲಿತಿದೆ. ಮಡಿಲು ಅದಕ್ಕೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದನ್ನು ಕಂಡು ಹೆದರಿ ಕೂಗುತ್ತದೆ. ನೀನು ಕಸವೆಂದು ಗುಡಿಸಿ ಹಾಕಿದ್ದು ನನ್ನ ಮಗಳನ್ನು.

ಮೂವತ್ತು ವರ್ಷ ಮಕ್ಕಳಿಗೆ ರಾಜರ ಶಾಸನ ಓದಿಸಿದವನು ನಾನು. ಯಾವ ಶಾಸನದಲ್ಲೂ ಕಲ್ಲು ಕೆತ್ತಿದವನಿಗೆ ಊಟ ಹಾಕಿದವಳಿಲ್ಲ. ಅವಳಿರಲಿಲ್ಲ ಎಂದು ನಾವು ತೀರ್ಮಾನಿಸಲಿಲ್ಲ. ನಿನ್ನ ಯಂತ್ರ ತೀರ್ಮಾನಿಸಿದೆ.

ದೊಡ್ಡ ಡಾಕ್ಟರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಕುರ್ಚಿ ಎಳೆದು ಕೂರಿಸಿದರು.

"ಎತ್ತಿಕೊಳ್ಳುವಾಗ ಟೋಪಿ ತೆಗೆದುಬಿಡಿ" ಎಂದೆ.

"ತೆಗೆಯೋ ಹಾಗಿಲ್ಲ ಸಾರ್. ಹಗಲೂ ರಾತ್ರಿ ತಲೆ ಮೇಲಿರಬೇಕು ಅಂತ ಅವರೇ ಬರೆದಿದ್ದಾರೆ."

"ಅವರು ಅಂದರೆ ನನ್ನ ತಂಗಿ."

"ಹಾಗಾದ್ರೆ ನಿಮಗೆ ಸುಲಭ ಆಯ್ತಲ್ಲ!" ಎಂದು ನಕ್ಕರು. "ಅವರ ಕೈಲಿ ಒಂದು ಸಾಲು ಬರೆಸಿಕೊಡಿ, ಈ ಕ್ಷಣ ಕೊಡ್ತೀನಿ. ಬರಹ ಇಲ್ಲದೆ ಕೊಟ್ಟು ಹೆಚ್ಚುಕಮ್ಮಿ ಆದ್ರೆ, ದೀಪ ಕೆಂಪಗಿತ್ತಲ್ಲ, ನೀವ್ಯಾಕೆ ನೋಡಲಿಲ್ಲ ಅಂತಾರೆ. ಆಗ ನಾನೇನು ಹೇಳ್ಲಿ?"

ನೋಡು, ಕಲಿಸುವಾಗ ಟೋಪಿ ತೆಗೆಯಿರಿ ಎಂದವಳೂ ನೀನೇ, ಮಗುವನ್ನು ಕಾಯುವಾಗ ತೆಗೆಯಬೇಡಿ ಎಂದವಳೂ ನೀನೇ. ಒಂದು ಸಾಲು ಬರೆ. ಇವತ್ತೇ ಬರೆ.

ಅಮ್ಮನ ಮಡಿಲಿನ ವಿಷಯ ಈಗ ಬೇಡ.

ಅಣ್ಣ


ಮಾರ್ಚ್ 12

ಅಣ್ಣ,

ನಿನ್ನ ಪ್ರಶ್ನೆ ಮುಖ್ಯವಾದದ್ದು. ಅದನ್ನು ಸಂಬಂಧಪಟ್ಟ ಸಮಿತಿಯ ಮುಂದಿಟ್ಟಿದ್ದೇನೆ. ಸಂಗ್ರಹದ ಕ್ರಮಕ್ಕೂ ಎಚ್ಚರಿಕೆಯ ದೀಪಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಬೇಕಾಗಿದೆ. ಅಲ್ಲಿಯವರೆಗೆ ಬಳಕೆಯ ಸೂಚನೆಯನ್ನು ಒಬ್ಬಳೇ ಬದಲಿಸುವ ಅಧಿಕಾರ ನನಗಿಲ್ಲ.

ಮೇಲಿನ ಸಾಲುಗಳನ್ನು ನೀನು ಹೇಗೆ ಓದುತ್ತೀಯ ಎಂದು ಗೊತ್ತು. ಕೆಂಪು ಪೆನ್ನು ಹಿಡಿದು ಓದುತ್ತೀಯ.

ನನ್ನ ಕಡೆಯಿಂದಲೂ ಸ್ವಲ್ಪ ಯೋಚಿಸು. ಮುಂದಿನ ತಿಂಗಳು ಅನುಮೋದನೆಯ ಸಭೆ ಇದೆ. ಅನುಮೋದನೆ ಸಿಕ್ಕರೆ ದೊಡ್ಡ ಡಾಕ್ಟರುಗಳೇ ಇಲ್ಲದ ಸಣ್ಣ ಆಸ್ಪತ್ರೆಗಳಿಗೂ ಈ ಯಂತ್ರ ಹೋಗುತ್ತದೆ. ಈಗ ನಾನೇ 'ಕೆಂಪು ಬಂದರೂ ಪರವಾಗಿಲ್ಲ' ಎಂದು ಸಹಿ ಮಾಡಿದರೆ? ಆ ಕೆಂಪು ಒಂದು ವೇಳೆ ನಿಜವಾಗಿದ್ದರೆ? ಮಗು ನಮ್ಮದು ಎಂದೇ ನಾನು ಸಹಿ ಮಾಡಲಾರೆ. ನಿನಗೆ ಅದು ಅರ್ಥವಾಗುವುದಿಲ್ಲ, ನಿನಗೆ ನಾನು ಸೋಲಬೇಕು ಅಷ್ಟೆ. ಚಿಕ್ಕಂದಿನಲ್ಲಿ ಪಗಡೆ ಆಡುವಾಗಲೂ ನೀನು ಹಾಗೆಯೇ ಇದ್ದೆ.

ಎರಡು ವಾರ ತಡೆ. ಎರಡು ವಾರದಲ್ಲಿ ಮಗು ಗಟ್ಟಿಯಾಗುತ್ತದೆ, ಟೋಪಿಯೇ ಬೇಕಾಗುವುದಿಲ್ಲ. ಆಮೇಲೆ ಜೀವನವಿಡೀ ಎತ್ತಿಕೊಳ್ಳಲಿ.

ಈಗ ಮುಷ್ಟಿಯ ತೂಕ ಎಷ್ಟಿದೆ? ಹಾಲು ಜೀರ್ಣವಾಗುತ್ತಿದೆಯೇ? ಅದನ್ನು ಬರೆ.

ತಂಗಿ


ಮಾರ್ಚ್ 19

ಅಣ್ಣ,

ಒಂದು ವಾರವಾಯಿತು, ನಿನ್ನಿಂದ ಒಂದಕ್ಷರವಿಲ್ಲ. ಕೋಪ ಇನ್ನೂ ಇಳಿದಿಲ್ಲವೇ? ಇರಲಿ, ಇದನ್ನು ಓದಿದರೆ ಇಳಿಯುತ್ತದೆ.

ಇದರೊಂದಿಗೆ ಸಹಿ ಮಾಡಿದ ಸೂಚನೆ ಇದೆ. 'ಮಗು ತಾಯಿಯ ಎದೆಯ ಮೇಲಿರುವಾಗ ಈ ಯಂತ್ರದ ಕೆಂಪು ದೀಪವನ್ನು ಆಧಾರವಾಗಿ ತೆಗೆದುಕೊಳ್ಳಬಾರದು.' ಸಮಿತಿ ಗಿಮಿತಿ ಬಿಟ್ಟು ನಾನೇ ಬರೆದೆ. ದೊಡ್ಡ ಡಾಕ್ಟರಿಗೆ ತಕ್ಷಣ ತೋರಿಸು.

ಏಕೆ ಬರೆದೆ ಎಂದೂ ಹೇಳುತ್ತೇನೆ, ನಿನಗೆ ಖುಷಿಯಾಗಲಿ. ನಿನ್ನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಳೆಯ ಅಲೆಗಳನ್ನೆಲ್ಲ ಮತ್ತೆ ತೆಗೆದು ಕೂತೆ. ಕೊನೆಗೆ ಒಂದು ಸಿಕ್ಕಿತು. ಯಾರೋ ನರ್ಸ್ ಟೋಪಿ ತೆಗೆಯಲು ಮರೆತು ಮಗುವನ್ನು ತಾಯಿಗೆ ಕೊಟ್ಟಿದ್ದಳು. ಯಂತ್ರಕ್ಕೆ ಕಲಿಸುವಾಗ ನಾವೇ 'ಕೆಟ್ಟಿದೆ' ಎಂದು ಪಕ್ಕಕ್ಕೆ ಎಸೆದದ್ದು. ಅದನ್ನು ದೊಡ್ಡದು ಮಾಡಿ ನೋಡಿದೆ. ಮಗುವಿನ ರಕ್ತದ ಓಟ ಚೂಪು ಚೂಪಾಗಿ, ಬೇಗ ಬೇಗ ಏಳುತ್ತದೆ. ಅದರ ಕೆಳಗೆ ಇನ್ನೊಂದು ಅಲೆ, ನಿಧಾನವಾದದ್ದು, ಮಗುವನ್ನೇ ಎತ್ತಿ ಇಳಿಸುವಂಥದ್ದು. ಅದು ಮಗುವಿನದಲ್ಲ ಅಣ್ಣ. ತಾಯಿಯ ಉಸಿರು. ಅವಳ ಎದೆ ಏರಿದಾಗ ಮಗುವಿನ ತಲೆಯೂ ಏರುತ್ತದೆ. ರಕ್ತದ ಓಟ ಸರಿಯಾಗಿಯೇ ಇತ್ತು. ಆ ಅಲೆಯನ್ನು ಯಂತ್ರಕ್ಕೆ ತೋರಿಸಿದೆ. ಕೆಂಪು.

ಅದು ತಾಯಿಯ ಉಸಿರನ್ನು ಕಾಯಿಲೆ ಎನ್ನುತ್ತಿದೆ. ನೀನು ಹೇಳಿದ್ದು ಸರಿ. ಇದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆಯಬೇಡ.

ಹುಡುಗಿ ಎತ್ತಿಕೊಂಡ ತಕ್ಷಣ ಒಂದು ಫೋಟೊ ಕಳಿಸು. ಅವಳ ಮುಖ ಕಾಣುವ ಹಾಗೆ.

ತಂಗಿ


ಮಾರ್ಚ್ 25

ತಂಗೀ,

ಮುಷ್ಟಿ ಹದಿನೇಳನೆಯ ತಾರೀಖು ಮಧ್ಯಾಹ್ನ ಹೋಯಿತು.

ನಿನಗೆ ತಿಳಿಸಲಿಲ್ಲ ಎಂದು ಕೋಪಿಸಿಕೊಳ್ಳಬೇಡ. ಅಳಿಯ ಬೇಡವೆಂದ. ಅವನು ನಿನ್ನ ಸೂಚನೆಯನ್ನು ಓದಿದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ, ಮಗಳ ಚಪ್ಪಲಿ ಮತ್ತು ನೀರಿನ ಬಾಟಲಿ ಅಲ್ಲೇ ಉಳಿದಿದ್ದವು, ತರಲು ಹೋಗಿದ್ದ. ಓದಿ ಫೋನನ್ನು ಜೇಬಿಗೆ ಹಾಕಿಕೊಂಡ. ನನಗೆ ತೋರಿಸಿದ್ದು ಮೊನ್ನೆ.

ನಿನ್ನ ಯಂತ್ರದ ತಪ್ಪಿನಿಂದ ಸಾಯಲಿಲ್ಲ, ಸಮಾಧಾನ ಮಾಡಿಕೋ. ಕರುಳಿಗೆ ಸೋಂಕು. ಹಾಲು ಜೀರ್ಣವಾಗುತ್ತಿದೆಯೇ ಎಂದು ಕೇಳಿದ್ದೆಯಲ್ಲ, ಅಂದೇ ಹೊಟ್ಟೆ ಊದಲು ಶುರುವಾಗಿತ್ತು. ಮಿದುಳು ಕೊನೆಯವರೆಗೂ ಚೆನ್ನಾಗಿತ್ತು. ಹೊಟ್ಟೆ ನೀಲಿಗಟ್ಟುತ್ತಿದ್ದಾಗಲೂ ನಿನ್ನ ದೀಪ ಹಸಿರಾಗಿಯೇ ಉರಿಯುತ್ತಿತ್ತು.

ಆ ದಿನ ದೊಡ್ಡ ಡಾಕ್ಟರು ಇರಲಿಲ್ಲ. ಇದ್ದವನು ಚಿಕ್ಕವನು. ಇನ್ನು ಉಳಿಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಲು ಬರಲಿಲ್ಲ. ಮಗಳು, "ನನ್ನ ಕೈಗೆ ಕೊಡಿ" ಎಂದಳು. ಕೊಟ್ಟರು. ನಾನು ಗಾಜಿನ ಚೌಕದಿಂದ ನೋಡುತ್ತಿದ್ದೆ. ಅವಳು ಉಸಿರೆಳೆದುಕೊಂಡಳು, ಬಟ್ಟೆಯ ಕೆಳಗೆ ಮಗು ಸ್ವಲ್ಪ ಮೇಲೆದ್ದಿತು. ಕೆಂಪು. ಕೂಗು. ಅವನು ಹೆದರಿಬಿಟ್ಟ. "ಅಮ್ಮಾ, ಒಂದ್ನಿಮಿಷ, ಮಲಗಿಸ್ಬಿಡೋಣ. ಸ್ಥಿರ ಆದ್ಮೇಲೆ ಮತ್ತೆ ಕೊಡ್ತೀನಿ." ಸಾಯುವ ಮಗು ಎಲ್ಲಿ ಸ್ಥಿರವಾಗುತ್ತದೆ? ಮಗಳು ಜಗಳವಾಡಲಿಲ್ಲ. ತಾನು ಮುಟ್ಟಿದ್ದರಿಂದಲೇ ಹಾಗಾಯಿತು ಎಂದು ನಂಬಿ, ತಾನಾಗಿಯೇ ಎತ್ತಿ ಕೊಟ್ಟುಬಿಟ್ಟಳು. ನನಗೆ ನುಂಗಲಾಗದಿರುವುದು ಅದು.

ಎಲ್ಲ ಮುಗಿದ ಮೇಲೆ ಹಿರಿಯ ನರ್ಸ್ ಟೋಪಿಯನ್ನು ಎಳೆದು ಬಿಸಾಕಿ, "ಈಗ ಯಾವ ದೀಪಾನೂ ಇಲ್ಲ ತಾಯಿ, ಹಿಡ್ಕೋ" ಎಂದು ಮಗುವನ್ನು ಅವಳ ಎದೆಗಿಟ್ಟಳು. ಮುಷ್ಟಿ ಬಿಚ್ಚಿತ್ತು.

ಈಗ ಅಮ್ಮನ ವಿಷಯ. ತಮ್ಮ ಅಮ್ಮನ ಮಡಿಲಿನಲ್ಲಿ ಪ್ರಾಣ ಬಿಡಲಿಲ್ಲ. ಆಗಿನ ಆಸ್ಪತ್ರೆಯಲ್ಲಿ ಎಳೆಗೂಸುಗಳನ್ನು ದೊಡ್ಡ ಗಾಜಿನ ಹಿಂದೆ ಇಡುತ್ತಿದ್ದರು. ತಾಯಂದಿರಿಂದ ಸೋಂಕು ತಗಲುತ್ತದೆ, ಒಳಗೆ ಬಿಡುವುದಿಲ್ಲ ಎಂಬುದು ಆಗಿನ ವಿಜ್ಞಾನ. ಅಮ್ಮ ದಿನಾ ಹೋಗಿ ಗಾಜಿನ ಹೊರಗೆ ನಿಲ್ಲುತ್ತಿದ್ದಳು. ನನಗೆ ಹನ್ನೊಂದು, ನಿನಗೆ ನಾಲ್ಕು. ನಿನಗೆ ಎಟುಕುತ್ತಿರಲಿಲ್ಲ, "ನಂಗೂ ತೋರ್ಸು, ನಂಗೂ ತೋರ್ಸು" ಎಂದು ಅಳುತ್ತಿದ್ದೆ, ನಾನು ಎತ್ತಿ ತೋರಿಸುತ್ತಿದ್ದೆ. ನೀನು ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಿನಿಂದ ಗೀಚುತ್ತಿದ್ದೆ. ಆಯಾ ಬಂದು ಬಟ್ಟೆಯಿಂದ ಒರೆಸುತ್ತಿದ್ದಳು. ಒಂದು ದಿನ ಹೋದಾಗ ಆ ತೊಟ್ಟಿಲು ಖಾಲಿ ಇತ್ತು. ಅಷ್ಟೇ ನಡೆದದ್ದು. ಮನೆಗೆ ಬಂದು ಅಮ್ಮ ಅಕ್ಕಪಕ್ಕದವರಿಗೆ, 'ನನ್ನ ಮಡಿಲಲ್ಲೇ ಕಣ್ಣು ಮುಚ್ಚಿದ' ಎಂದಳು. ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಆ ಮಾತು ಹಿಡಿದುಕೊಂಡೇ ಅವಳು ಅಷ್ಟು ವರ್ಷ ಬದುಕಿದಳು. ನೀನೂ ಅದನ್ನೇ ಹಿಡಿದುಕೊಂಡು ಮಡಿಲನ್ನು ಬಿಟ್ಟು ಅಳತೆಗೆ ಹೊರಟೆ.

ನನ್ನ ಮಗಳಿಗೆ ಆ ಸುಳ್ಳನ್ನು ಹೇಳಿಕೊಳ್ಳುವ ಭಾಗ್ಯವೂ ಇಲ್ಲ. ನಿನ್ನ ಯಂತ್ರದ ಹತ್ತಿರ ಕ್ಷಣಕ್ಷಣದ ಲೆಕ್ಕವಿದೆ.

ಅಣ್ಣ


ಏಪ್ರಿಲ್ 4

ಅಣ್ಣ,

ಬರೆದು ಬರೆದು ಹರಿದೆ. ಅಮ್ಮನ ಬಗ್ಗೆ ಏನೂ ಬರೆಯಲಾರೆ. ಗಾಜು ನನಗೆ ನೆನಪಿಲ್ಲ. ಯಾರೋ ಎತ್ತಿದಾಗ ಕಂಕುಳಲ್ಲಿ ನೋಯುತ್ತಿದ್ದದ್ದು ಮಾತ್ರ ನೆನಪಿದೆ. ಅದು ನೀನು ಎಂದು ಗೊತ್ತಿರಲಿಲ್ಲ.

ಒಂದು ವಿಷಯ ಹೇಳಲೇಬೇಕು, ಬೇರೆಯವರಿಂದ ನಿಮಗೆ ತಿಳಿಯಬಾರದು. ಯಂತ್ರವಿರುವ ಆಸ್ಪತ್ರೆಗಳಿಂದ ಅಲೆಗಳು ನಮಗೆ ತಾವಾಗಿಯೇ ಬರುತ್ತವೆ, ಯಂತ್ರ ಅವುಗಳಿಂದ ಮತ್ತಷ್ಟು ಕಲಿಯುತ್ತದೆ. ಅನುಮೋದನೆಯ ಸಭೆಗೆ ನಮ್ಮ ಹುಡುಗರು ಒಂದು ಚಿತ್ರ ಸಿದ್ಧಮಾಡಿ ತಂದರು. ಒಂದು ಮಗು, ಮೂರು ಸಲ ಕೆಂಪು, ನಂತರ ಸಾವು. ಕೆಳಗೆ ಬರೆದಿದ್ದರು: 'ಯಂತ್ರ ಮೊದಲೇ ಎಚ್ಚರಿಸಿತ್ತು.' ಅವರಿಗೆ ಅದು ಯಾವ ಮಗು ಎಂದು ಗೊತ್ತಿಲ್ಲ. ಊರು ಮತ್ತು ತಾರೀಖು ನೋಡಿ ನನಗೆ ತಿಳಿಯಿತು, ಅದು ಮುಷ್ಟಿ.

ಹುಡುಗಿ ಎತ್ತಿಕೊಂಡ ಮೂರು ಸಲ ಅದು ಕೂಗಿತು. ಮಗು ಸತ್ತಿತು. ಆದ್ದರಿಂದ ತಾನು ಕೂಗಿದ್ದು ಸರಿ ಎಂದು ಅದು ಕಲಿಯುತ್ತದೆ. ಮುಂದಿನ ಮಗುವಿಗೆ ಇನ್ನೂ ಜೋರಾಗಿ ಕೂಗುತ್ತದೆ. "ಕರುಳಿನ ಸೋಂಕಿಗೂ ಇದಕ್ಕೂ ಏನು ಸಂಬಂಧ?" ಎಂದು ಕೇಳಿದೆ. "ಒಂದು ಮಗು ತಾನೇ ಮೇಡಂ, ಇರಲಿ ಬಿಡಿ, ಚಿತ್ರ ಚೆನ್ನಾಗಿ ಬಂದಿದೆ" ಎಂದರು.

ತಾಯಿ ಹೇಳಿದರೆ ಆ ಅಲೆಗಳನ್ನು ಪೂರ್ತಿ ಅಳಿಸಬಹುದು. ಅದು ಸುಲಭ, ಯಾರೂ ತಡೆಯುವುದಿಲ್ಲ. ಇಟ್ಟುಕೊಂಡು ಅದು ಏನೆಂದು ಸರಿಯಾಗಿ ಹೇಳಬೇಕೆಂದರೆ, ನಮ್ಮ ಇಡೀ ಸಂಗ್ರಹದಲ್ಲಿ ಮಡಿಲೇ ಇಲ್ಲ ಎಂದು ಸಭೆಯಲ್ಲಿ ನಾನು ನಿಂತು ಹೇಳಬೇಕಾಗುತ್ತದೆ.

ಹುಡುಗಿಯನ್ನು ಕೇಳು. ಅಳಿಸಲೇ?

ತಂಗಿ


ಏಪ್ರಿಲ್ 7

ತಂಗೀ,

ಕೇಳಿದೆ. ಕೇಳಬಾರದು ಎಂದು ಎರಡು ದಿನ ಸುತ್ತಾಡಿ, ಕೊನೆಗೆ ಬಟ್ಟೆ ಮಡಚುತ್ತಿದ್ದವಳ ಎದುರು ಕೂತು ಎಲ್ಲವನ್ನೂ ಹೇಳಿದೆ. ಉಸಿರಿನ ಅಲೆಯ ಬಗ್ಗೆಯೂ ಹೇಳಿದೆ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಕೇಳಿದಳು, "ಹಾಗಾದ್ರೆ ನಾನು ಮುಟ್ಟಿದ್ದಕ್ಕೆ ಅದಕ್ಕೇನೂ ಆಗಿರಲಿಲ್ವಾ?"

"ಏನೂ ಆಗಿರಲಿಲ್ಲ."

"ಅದು ನನ್ನ ಉಸಿರಾ?"

"ಹೌದಂತೆ."

"ಅಳಿಸಬೇಡಿ ಅನ್ನು ಅತ್ತೆಗೆ. ನಾನೂ ಅದೂ ಒಟ್ಟಿಗೆ ಇರೋದು ಅಲ್ಲೊಂದೇ ಕಡೆ."

ನನ್ನ ಕಡೆಯಿಂದ ಇಷ್ಟೇ. ಅಳಿಸುವುದನ್ನು ನಾನೂ ನೋಡಿದ್ದೇನೆ, ಒದ್ದೆ ಬಟ್ಟೆಯಿಂದ ಗಾಜು ಒರೆಸಿದ ಹಾಗೆ. ಎದ್ದು ನಿಂತು ಹೇಳು.

ಅಣ್ಣ


ಏಪ್ರಿಲ್ 22

ಅಣ್ಣ,

ಹೇಳಿದೆ.

ಮುಷ್ಟಿಯ ಅಲೆಯನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದೆ. ಇದು ಮಗುವಿನ ರಕ್ತ, ಇದು ತಾಯಿಯ ಉಸಿರು, ನಮ್ಮ ಯಂತ್ರ ಇದನ್ನು ಎಂದೂ ಕಂಡಿಲ್ಲ, ಕಾಣದಂತೆ ಮಾಡಿದ್ದು ನನ್ನದೇ ಸೂಚನೆ, ಮತ್ತೆ ಮೊದಲಿನಿಂದ ಕಲಿಸುವವರೆಗೂ ಅನುಮೋದನೆ ಕೊಡಬೇಡಿ ಎಂದೆ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗೆದ್ದೆ ಎಂದುಕೊಂಡೆ.

"ಬಹಳ ಒಳ್ಳೆ ವಿಷಯ ಗಮನಕ್ಕೆ ತಂದಿರಿ ಮೇಡಂ" ಎಂದರು. "ಮತ್ತೆ ಕಲಿಸೋಕೆ ವರ್ಷಗಟ್ಟಲೆ ಬೇಕು. ಅಲ್ಲೀತನಕ ಸಣ್ಣ ಆಸ್ಪತ್ರೆಯ ಮಕ್ಕಳು ಕಾಯೋಕಾಗತ್ತಾ? ಸಮಸ್ಯೆ ಎತ್ತಿಕೊಂಡಾಗ ಮಾತ್ರ ತಾನೆ? ಸೂಚನೆಯಲ್ಲಿ ಒಂದು ಸಾಲು ಸೇರಿಸಿದ್ರೆ ಆಯ್ತು."

ಸೇರಿಸಿದರು. 'ಉಪಕರಣ ಬಳಕೆಯಲ್ಲಿರುವಾಗ ಮಗುವನ್ನು ಎತ್ತಿಕೊಳ್ಳತಕ್ಕದ್ದಲ್ಲ.' ಉಪಕರಣ ಹಗಲೂ ರಾತ್ರಿ ಬಳಕೆಯಲ್ಲಿರುತ್ತದೆ. ನಾನು ಕೂಗಾಡಿದೆ. ನಡಾವಳಿಯಲ್ಲಿ ಬಂದದ್ದು ಇಷ್ಟು: 'ಈ ಸೂಚನೆ ಮುಖ್ಯ ಸಂಶೋಧಕರ ಅವಲೋಕನವನ್ನು ಆಧರಿಸಿದೆ.' ನಿಮ್ಮ ವಾರ್ಡಿಗೆ ಮಾರ್ಚಿನಲ್ಲಿ ಬರೆದ ನನ್ನ ಸೂಚನೆಯೂ ಅದರೊಂದಿಗೆ ರದ್ದಾಯಿತು.

ರಾಜೀನಾಮೆ ಬರೆದು ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಕೊಟ್ಟರೆ ಆ ಸಾಲನ್ನು ತೆಗೆಸಲು ಒಳಗೆ ಯಾರೂ ಇರುವುದಿಲ್ಲ. ಕೊಡದಿದ್ದರೆ ಆ ಸಾಲು ನನ್ನದಾಗುತ್ತದೆ. ನೀನು ಏನು ಮಾಡುತ್ತಿದ್ದೆ?

ಮುಷ್ಟಿಯ ಅಲೆಗಳ ಮುಂದೆ 'ತಾಯಿಯ ಎದೆಯ ಮೇಲೆ' ಎಂದು ನಾನೇ ಗುರುತು ಹಾಕಿದ್ದೇನೆ. ಅಷ್ಟು ದೊಡ್ಡ ಸಂಗ್ರಹದಲ್ಲಿ ಆ ಮಾತಿರುವುದು ಅವಳ ಮುಂದೆ ಮಾತ್ರ.

ತಂಗಿ


ಮೇ 2

ತಂಗೀ,

ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಜೀವನವಿಡೀ ಎಲ್ಲದಕ್ಕೂ ಸಂಪಾದಕರಿಗೆ ಪತ್ರ ಬರೆದವನು ಹೀಗೆ ಹೇಳುತ್ತಿರುವುದು ಇದೇ ಮೊದಲು.

ಹಿರಿಯ ನರ್ಸ್ ಹೇಳಿಕಳಿಸಿದ್ದಳು, ಮಗಳೂ ನಾನೂ ಹೋಗಿದ್ದೆವು. ಮುಷ್ಟಿಗೆ ಹೊದಿಸುತ್ತಿದ್ದ ಬಟ್ಟೆಯೊಂದನ್ನು ಅವಳು ತೊಳೆದು ಎತ್ತಿಟ್ಟಿದ್ದಳು. ವಾರ್ಡಿನ ಬಾಗಿಲಿಗೆ ಹೊಸ ಬೋರ್ಡು ಹಾಕಿದ್ದಾರೆ. ಸಭೆಯಲ್ಲಿ ಸೇರಿಸಿದ ಆ ಸಾಲು, ದಪ್ಪ ಅಕ್ಷರದಲ್ಲಿ, ಕೆಳಗೆ ಸಣ್ಣದಾಗಿ ನಿನ್ನ ಹೆಸರು, ಹೆಸರಿನ ಮುಂದೆ ನಿನ್ನ ಪದವಿಗಳೆಲ್ಲ. "ಚೆನ್ನಾಗಿದೆ ಅಲ್ವಾ ಸಾರ್?" ಎಂದಳು ನರ್ಸ್. "ಟೋಪಿ ತೊಳೆಯೋ ಹಂಗೆ ಮಾಡಿ ಅಂದಿದ್ದೆ. ಅದೊಂದು ಬಿಟ್ಟು ಎಲ್ಲಾ ಮಾಡಿದ್ರು."

ಮಗಳು ಬೋರ್ಡನ್ನು ಎರಡು ಸಲ ಓದಿದಳು. "ಅಪ್ಪಾ, ಇದು ಅತ್ತೆ ಬರೆದಿದ್ದಾ?" ಎಂದಳು.

"ಅಲ್ಲ" ಎಂದೆ.

ಅಮ್ಮನ ಮಗ ನಾನು, ಸುಳ್ಳು ಸಲೀಸಾಗಿ ಬಂತು. ಬೋರ್ಡಿನಲ್ಲಿ ನಿನ್ನ ಹೆಸರಿರುವವರೆಗೂ ಅದು ಸುಳ್ಳೇ. ಅದನ್ನು ನಿಜ ಮಾಡುವುದು ನಿನಗೆ ಬಿಟ್ಟದ್ದು. ಒಳಗಿದ್ದು ಮಾಡುತ್ತೀಯೋ ಹೊರಗೆ ಬಂದು ಮಾಡುತ್ತೀಯೋ, ತಿಳಿಯದು. ಅದಕ್ಕೆ ಮೊದಲು ಒಂದು ಸಲ ಇಲ್ಲಿಗೆ ಬಾ. ಮುಷ್ಟಿ ಇದ್ದ ಜಾಗದಲ್ಲಿ ಈಗ ಬೇರೆ ಮಗುವಿದೆ. ಪಕ್ಕದಲ್ಲಿ ಅದರ ತಾಯಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹಸಿರು ದೀಪವನ್ನು ನೋಡುತ್ತ ಕೂತಿರುತ್ತಾಳೆ.

ಬಂದು ನೋಡು. ಈ ಸಲ ನಾನು ಎತ್ತಿ ತೋರಿಸಬೇಕಾಗಿಲ್ಲ. ಗಾಜು ಸರಿಯಾಗಿ ನಿನ್ನ ಕಣ್ಣಿನ ಎತ್ತರಕ್ಕೇ ಇದೆ.

ಅಣ್ಣ